ಬೆರಳಿಗೆ ಗೊತ್ತಿತ್ತು

ಶ್ರಾವಣದ ಎರಡನೆಯ ಮಂಗಳವಾರ ಬೆಳಗಿನ ಹೊತ್ತು, ಬಳ್ಳಾರಿಯ ಸತ್ಯನಾರಾಯಣಪೇಟೆಯ ತನ್ನ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದ ವಿರೂಪಮ್ಮನ ಕೈ ಮೂರು ಸಲ ತಾನಾಗಿಯೇ ನಿಂತಿತು. ಮೂವತ್ತು ವರ್ಷದಿಂದ ಬೇಳೆಯಲ್ಲಿ ಕಲ್ಲು ಹುಡುಕಿದ ಕೈ ಅದು. ಕಣ್ಣು ಬೀದಿಯ ಮೇಲಿದ್ದರೂ, ಬಾಯಿ ನೆರೆಮನೆಯವಳ ಜೊತೆ ಮಾತಿಗಿಳಿದಿದ್ದರೂ, ಬೆರಳು ಮಾತ್ರ ತನ್ನ ಕೆಲಸ ತಾನು ಮಾಡಿ ಕಲ್ಲನ್ನು ಅಂಗಳಕ್ಕೆ ಎಸೆದುಬಿಡುತ್ತಿತ್ತು. ಈವತ್ತು ಎಸೆಯಲಿಲ್ಲ. ಸಿಕ್ಕ ಕಲ್ಲನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಮೆಲ್ಲಗೆ ಒತ್ತಿ, ಹೊರಳಿಸಿ, ನೀನೆಷ್ಟು ಗಟ್ಟಿ ಎಂದು ಅದನ್ನೇ ಕೇಳುವವಳಂತೆ ಸುಮ್ಮನೆ ಕೂತಳು. ಬೆರಳಿಗೆ ಗೊತ್ತಿತ್ತು ಎಂದು ಮನಸ್ಸಿನೊಳಗೆ ಯಾರೋ ಅಂದರು. ನಿನ್ನೆ ಸಂಜೆಯಿಂದ ಅದೊಂದೇ ಮಾತು. ಪೂಜೆಗೆ ಕೂತರೂ ಅದೇ, ಒಲೆ ಮುಂದೆ ನಿಂತರೂ ಅದೇ. ಬೆಳಿಗ್ಗೆ ಯಜಮಾನರು ಹತ್ತಿ ಅಂಗಡಿಗೆ ಹೊರಟಾಗ, 'ಯಾಕ, ಮೈಯಾಗ ಹುಷಾರಿಲ್ಲೇನು?' ಎಂದಿದ್ದರು. ಹುಷಾರಿಲ್ಲದ್ದು ತನ್ನ ಮೈಯಲ್ಲಲ್ಲ ಎಂದು ಹೇಳಲು ಬಾಯಿ ಬಂದಿರಲಿಲ್ಲ.

ನಿನ್ನೆ ಮಠದ ಅಂಗಳದಲ್ಲಿ ಸೋಮವಾರದ ಪುರಾಣ ಮುಗಿದು, ಆರತಿ ಆಗಿ, ಗಂಡಸರು ತಮ್ಮ ತಮ್ಮ ಕೆರ ಹುಡುಕಿಕೊಂಡು ಹೊರಟ ಮೇಲೆ, ಸ್ವಾಮಿಗಳ ಅಪ್ಪಣೆ ಪಡೆದು ಹೆಂಗಸರ ಮುಂದೆ ನಿಂತವಳು ಆಸ್ಪತ್ರೆಯ ನರ್ಸಮ್ಮ ಹೊನ್ನೂರಮ್ಮ. ಬಿಳಿ ಸೀರೆ, ಕೈಯಲ್ಲಿ ಛತ್ರಿ, ಹೆಗಲಿಗೆ ಜೋಳಿಗೆಯಂಥ ಚೀಲ. ಬಾಣಂತನದ ಮಾತೋ, ಕಾಲರಾ ಸೂಜಿಯ ಮಾತೋ ಇರಬೇಕೆಂದು ಹೆಂಗಸರು ಗೋಡೆಗೆ ಒರಗಿ ಕೂತರು. ಆಕೆ ಚೀಲದಿಂದ ಅಂಗೈಯಷ್ಟಗಲದ ಬಟ್ಟೆಯ ಗುಬ್ಬಿಚೀಲಗಳನ್ನು ತೆಗೆದು ಒಬ್ಬೊಬ್ಬರ ಮಡಿಲಿಗೆ ಹಾಕುತ್ತ ಹೋದಳು. ಒಳಗೆ ಹಿಂಜಿದ ಹತ್ತಿ. 'ಇವುಗಳಾಗ ಕೆಲವದರಾಗ ಒಂದೊಂದು ಹುಣಸಿಬೀಜ ಇಟ್ಟು ಹೊಲಿದೀನಿ, ಕೆಲವದರಾಗ ಇಲ್ಲ. ಕಣ್ಣು ಮುಚ್ಚಿ ಬೆರಳಿಲೆ ಹುಡುಕ್ರಿ' ಎಂದಳು. ಅಜ್ಜಿ ದೊಡ್ಡಬಸಮ್ಮ ಎಲೆಯಡಿಕೆಯನ್ನು ದವಡೆಗೆ ಸರಿಸಿ, 'ಬೀಜ ಸಿಕ್ಕೋರಿಗೆ ಹಣ್ಣೂ ಕೊಡ್ತೀಯೇನವ್ವ, ಸಾರಿಗಾಗ್ತೈತಿ' ಎಂದದ್ದೇ ಅಂಗಳವೆಲ್ಲ ನಕ್ಕಿತು. ಹೊನ್ನೂರಮ್ಮನೂ ನಕ್ಕಳು. ನಗು ಇಳಿಯುವವರೆಗೆ ಕಾದು, ಅದೇ ದನಿಯಲ್ಲಿ ಹೇಳಿದಳು: 'ಎದಿಯಾಗ ಹಿಂಗ ಒಂದು ಬೀಜ ಕೂಡ್ತೈತಿ ನೋಡ್ರಿ. ನೋವು ಇರಂಗಿಲ್ಲ. ಅದ ಮೋಸ. ನೋವಿದ್ದಿದ್ರ ನೀವ ಓಡಿ ಬರ್ತಿದ್ರಿ. ಡಾಕ್ಟ್ರು ಕ್ಯಾನ್ಸರ್ ಅಂತಾರ, ತೆಲುಗಿನೋರು ರಾಚಪುಂಡು ಅಂತಾರಲ್ಲ, ಹಂಗ ಹುಣ್ಣಾಗಿ ಒಡೆದ ಮ್ಯಾಲೆ ಬಂದ್ರ ಡಾಕ್ಟ್ರಮ್ಮನ ಕೈಯಾಗ ಏನೂ ಉಳಿದಿರಂಗಿಲ್ಲ. ಬೀಜ ಇದ್ದಾಗ ಬಂದ್ರ ತೆಗೆದು ಒಗೀಬೌದು. ತಿಂಗಳಿಗೊಮ್ಮೆ ಜಳಕದಾಗ ನಿಮ್ಮ ಕೈಲೆ ನೀವ ನೋಡ್ಕೋರಿ. ವರ್ಷಕ್ಕೊಮ್ಮೆ, ಗಂಟು ಇರಲಿ ಇಲ್ಲದಿರಲಿ, ದವಾಖಾನಿಗೆ ಬಂದು ತೋರಿಸ್ಕೋರಿ.'

ವಿರೂಪಮ್ಮ ಕಣ್ಣು ಮುಚ್ಚಿ ತನ್ನ ಚೀಲವನ್ನು ಹಿಚುಕುತ್ತಿದ್ದಳು. ಹತ್ತಿ, ಹತ್ತಿ, ಹತ್ತಿಯ ಅಡಿಯಲ್ಲಿ ಇನ್ನಷ್ಟು ಹತ್ತಿ. ಆಮೇಲೆ ಅದು ಸಿಕ್ಕಿತು. ಆ ಗಳಿಗೆಯಲ್ಲಿ ಅಂಗಳದ ಬೇವಿನ ಮರ, ದೊಡ್ಡಬಸಮ್ಮನ ಎಲೆಯಡಿಕೆಯ ವಾಸನೆ, ಎಲ್ಲ ಎಲ್ಲಿಗೋ ಹೋಗಿ, ಬೆರಳ ಸುತ್ತ ಎಳ್ಳಿನ ಜಿಡ್ಡು, ಬಿಸಿನೀರಿನ ಹಬೆ, ಬಚ್ಚಲ ಒಲೆಯ ಹೊಗೆ ಕವಿದವು. ಸಂಕ್ರಾಂತಿ. ಏಳು ತಿಂಗಳ ಹಿಂದೆ, ಊರೆಲ್ಲ ಮೊದಲ ಸಲ ಓಟು ಹಾಕಿದ ಹೊತ್ತಿನ ಸಂಕ್ರಾಂತಿ. ತೋರುಬೆರಳ ಉಗುರಿನ ಬುಡದಲ್ಲಿ ಶಾಯಿ ಇನ್ನೂ ಹಸಿಹಸಿಯಾಗಿ ಹೊಳೆಯುತ್ತಿತ್ತು. ಸಿರಿಗೇರಿಯಿಂದ ಹಬ್ಬಕ್ಕೆ ಬಂದಿದ್ದ ನೆಗೆಣ್ಣಿ ಜಂಬಮ್ಮನಿಗೆ, ಮೈದುನ ಉಜ್ಜಿನಪ್ಪನ ಹೆಂಡತಿಗೆ, ತಾನೇ ಎಳ್ಳು ಅರಿಷಿಣ ಹಚ್ಚಿ ಎರೆಯುತ್ತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಮಡಿಲು ತುಂಬದ ಜಂಬಮ್ಮ ಹಬ್ಬದ ಮನೆಯಲ್ಲಿ ಯಾವಾಗಲೂ ಗೋಡೆಯ ಪಕ್ಕ ನಡೆಯುವವಳು. ಬಚ್ಚಲಿನಲ್ಲಿ ದನಿ ತಗ್ಗಿಸಿ, 'ಅಕ್ಕಾ, ಇಲ್ಲೊಂದೀಟು ಮುಟ್ಟಿ ನೋಡು' ಎಂದಿದ್ದಳು. ಕೊರಳಿಂದ ಇಳಿದ ಶಿವದಾರದ ತುದಿಗೆ ಲಿಂಗದ ಬೆಳ್ಳಿ ಕರಡಿಗೆ ಎಡ ಎದೆಯ ಮೇಲೆ ಎಲ್ಲಿ ಕೂಡುತ್ತಿತ್ತೋ ಸರಿಯಾಗಿ ಅಲ್ಲಿ, ಚರ್ಮದ ಒಳಗೆ, ಹುಣಸೆಬೀಜದಷ್ಟು ಗಟ್ಟಿ. ನೋವೇನೂ ಇಲ್ಲವಂತೆ. ವಿರೂಪಮ್ಮ ಶಾಯಿಯ ಬೆರಳಿಟ್ಟು ಒತ್ತಿದಳು. ಹೊರಗೆ ಯಾರೋ ನೀರು ಆರುತ್ತೈತಿ ಎಂದು ಕೂಗಿದರು. ಆಕೆಯ ಬಾಯಿಂದ ಮಾತು ಬಂತು: 'ಇದು ಲಿಂಗದ ಗುರುತವ್ವ. ನಮ್ಮತ್ತಿಗೂ ಇತ್ತು. ಎಲ್ಲಾರಿಗೂ ಮೂಡಂಗಿಲ್ಲ. ಶಿವ ನಿನ್ನ ಎದಿಮ್ಯಾಲೆ ಕುಂತಾನ, ನೀ ಪುಣ್ಯವಂತಿ.' ಜಂಬಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಿದ್ದಳು. ಸಂತೋಷಕ್ಕೆ.

ಅತ್ತೆಗೆ ಇದ್ದದ್ದು ಜಡ್ಡು. ನಲವತ್ತು ವರ್ಷ ಕರಡಿಗೆ ಉಜ್ಜಿ ಉಜ್ಜಿ, ಎತ್ತಿನ ಹೆಗಲ ಮೇಲೆ ನೊಗದ ಜಡ್ಡು ಕಟ್ಟುವ ಹಾಗೆ, ಚರ್ಮದ ಮೇಲೆ ಕಟ್ಟಿದ ಕಪ್ಪು ಜಡ್ಡು. ಮುಟ್ಟಿದರೆ ಚರ್ಮದ ಜೊತೆ ಸರಿಯುತ್ತಿತ್ತು. ಜಂಬಮ್ಮನದು ಸರಿಯಲಿಲ್ಲ. ಒಳಗೆ ಬೇರು ಬಿಟ್ಟು ಕೂತಂತೆ ಕೂತಿತ್ತು. ಇದು ಅದಲ್ಲ ಎಂದು ಬೆರಳು ಆ ಕ್ಷಣದಲ್ಲೇ ಹೇಳಿತ್ತು, ಕಲ್ಲು ಯಾವುದು ಬೇಳೆ ಯಾವುದು ಎಂದು ಹೇಳುವಷ್ಟು ಸ್ಪಷ್ಟವಾಗಿ ಹೇಳಿತ್ತು. ಆದರೆ ನೀರು ಆರುತ್ತಿತ್ತು. ಹೂರಣ ಕಟ್ಟುವುದು ಬಾಕಿ ಇತ್ತು. ಅಷ್ಟೇ ಆಗಿದ್ದರೆ ಶಿವ ಮನ್ನಿಸುತ್ತಿದ್ದ. ಓಣಿಯ ಹೆಂಗಸರೆಲ್ಲ ಯಾವುದಕ್ಕೂ 'ವಿರೂಪಮ್ಮನ್ನ ಕೇಳ್ರಿ, ಆಕಿ ತಿಳಿದಾಕಿ' ಎನ್ನುತ್ತಿದ್ದರು; ಮೂವತ್ತು ಶ್ರಾವಣ ಪುರಾಣ ಕೇಳಿದವಳು; ಗೊತ್ತಿಲ್ಲ ಎಂಬ ಮಾತು ಆಕೆಯ ನಾಲಿಗೆಗೆ ರೂಢಿ ಇರಲಿಲ್ಲ. ಅದೂ ಅಲ್ಲದೆ, ಅಳುವವಳನ್ನು ನಗಿಸುವ ಸುಖವಿತ್ತಲ್ಲ, ಒಂದು ಮಾತಿನಿಂದ ಒಬ್ಬಳ ತಲೆ ಎತ್ತಿ ನಿಲ್ಲಿಸುವ ಸುಖ, ಅದು ಯಾರಿಗೆ ಬೇಡ.

ಮಠದ ಅಂಗಳದಲ್ಲಿ ಇಷ್ಟೆಲ್ಲ ಒಳಗೆ ಕಲಕುತ್ತಿರುವಾಗ ಹೊನ್ನೂರಮ್ಮ ಒಂದು ತಪ್ಪು ಮಾಡಿದಳು. 'ಬರೋವಾಗ ಕೊಳ್ಳಾಗಿಂದೆಲ್ಲ ಮನ್ಯಾಗ ತೆಗೆದಿಟ್ಟು ಬರ್ರಿ, ನೋಡಾಕ ಸಲೀಸಾಗ್ತೈತಿ' ಎಂದುಬಿಟ್ಟಳು. ದೊಡ್ಡಬಸಮ್ಮ ಕೋಲೂರಿ ಎದ್ದಳು. 'ಲಿಂಗ ತೆಗೆದಿಟ್ಟು ಬರೋದಂದ್ರ ಜೀವ ತೆಗೆದಿಟ್ಟು ಬಂದಂಗ. ಜೀವ ಇಲ್ಲದಾಕಿನ್ನ ನಿಮ್ಮ ಡಾಕ್ಟ್ರಮ್ಮ ಏನು ನೋಡ್ತಾಳವ್ವ?' ಒಬ್ಬೊಬ್ಬರಾಗಿ ಎದ್ದರು, ಸೆರಗು ಕೊಡವಿದರು, ಗುಬ್ಬಿಚೀಲಗಳನ್ನು ಕಟ್ಟೆಯ ಮೇಲೆ ಒಗೆದು ಹೊರಟರು. ಮಾಡಿದ್ದೇನು ಎಂದು ತಿಳಿಯದೆ ಹೊನ್ನೂರಮ್ಮ ಬಾಯಿ ತೆರೆದು ನಿಂತಿದ್ದಳು. ವಿರೂಪಮ್ಮನಿಗೆ ತಿಳಿದಿತ್ತು. ಒಂದು ಮಾತು ಆಡಿದ್ದರೆ ಎಲ್ಲರನ್ನೂ ಕೂಡಿಸಬಹುದಿತ್ತು. ಆಡಲಿಲ್ಲ, ಎಲ್ಲರ ಜೊತೆ ತಾನೂ ಎದ್ದು ಬಂದಳು. ಬಾಗಿಲಲ್ಲಿ ತಿರುಗಿ ನೋಡಿದಾಗ ಆ ಹೆಣ್ಣುಮಗಳು ಬಗ್ಗಿ ಬಗ್ಗಿ ಒಬ್ಬಳೇ ಚೀಲ ಆಯುತ್ತಿದ್ದಳು. ಮನೆಗೆ ಬಂದು ಸೆರಗು ಬಿಚ್ಚಿದರೆ ಒಂದು ಚೀಲ ತನ್ನ ಮಡಿಲಲ್ಲೇ ಉಳಿದಿತ್ತು.

ಈಗ ಮೊರವನ್ನು ಬದಿಗಿಟ್ಟು ಎದ್ದಳು. ಬೇಳೆ ಅರ್ಧ ಹಸನಾಗಿತ್ತು. ಗುಬ್ಬಿಚೀಲವನ್ನು ಸೊಂಟಕ್ಕೆ ಸಿಕ್ಕಿಸಿ, ಸಿರಿಗೇರಿಗೆ ಹೋಗಿ ಬರ್ತೀನಿ ಎಂದು ನೆರೆಮನೆಗೆ ಹೇಳಿ, ಕುರುಗೋಡಿನ ಬಸ್ಸು ಹತ್ತಿದಳು. ಕುರುಗೋಡು ತವರು, ಗುಡ್ಡದ ಕೆಳಗೆ ಬಸ್ಸಿನ ಕಿಟಕಿಯಿಂದಲೇ ದೊಡ್ಡ ಬಸವಣ್ಣನ ಗುಡಿಗೆ ಕೈ ಮುಗಿದಳು. ಏನು ಬೇಡಬೇಕೆಂದು ತೋಚಲಿಲ್ಲ. ಆ ಬೀಜ ಅಲ್ಲಿಲ್ಲದಂತೆ ಮಾಡಪ್ಪ ಎಂದರೆ ಸುಳ್ಳಿಗೆ ದೇವರ ಸಾಕ್ಷಿ ಕೇಳಿದಂತೆ. ಸುಮ್ಮನೆ ಕೈ ಮುಗಿದಳು. ಅಲ್ಲಿಂದ ಮುಂದಕ್ಕೆ ಸಿರಿಗೇರಿಯ ಕೆಂಚಣ್ಣನ ಬಂಡಿ ಸಿಕ್ಕಿತು. ಗಾಲಿಗೆ ಪಟ್ಟಿ ಹಾಕಿಸಿಕೊಂಡು ಹೊರಟಿದ್ದವನು ಗುರುತು ಹಿಡಿದು ಹತ್ತಿಸಿಕೊಂಡ. ಎರೆಹೊಲಗಳಲ್ಲಿ ಹತ್ತಿ ಈಗಷ್ಟೇ ಎರಡೆಲೆ ಬಿಟ್ಟಿತ್ತು.

'ನಿಮ್ಮ ನೆಗೆಣ್ಣಿ ಈಗ ದೊಡ್ಡಾಕಿ ಆಗ್ಯಾಳ ಬಿಡ್ರಿ ಅವ್ವ,' ಎಂದ ಕೆಂಚಣ್ಣ, ಎತ್ತಿನ ಬಾಲ ಮುಟ್ಟುತ್ತ. 'ಎದಿಮ್ಯಾಲೆ ಶಿವನ ಗುರುತು ಮೂಡೇತಂತ. ನಮ್ಮ ಮನ್ಯಾಕಿ ಸೋಮವಾರಕ್ಕೊಮ್ಮೆ ಹೋಗಿ ಕಾಲಿಗೆ ಬಿದ್ದು ಬರ್ತಾಳ. ಬಂದು ನನಗ ಬೈಯೋದೇನು ಬಿಟ್ಟಿಲ್ಲ.'

ವಿರೂಪಮ್ಮ ನಗಬೇಕಿತ್ತು. ಬಂಡಿಯ ಗೂಟ ಹಿಡಿದು ಕೂತಳು. ತಾನು ಕೊಟ್ಟದ್ದು ಬರೀ ಒಂದು ಸುಳ್ಳಲ್ಲ, ಅದರ ಮೇಲೆ ಒಬ್ಬಳು ಮನೆ ಕಟ್ಟಿಕೊಂಡಿದ್ದಾಳೆ ಎಂದು ದಾರಿಯುದ್ದಕ್ಕೂ ಗಾಲಿ ಹೇಳುತ್ತ ಬಂತು.

ಮನೆ ಹೊಕ್ಕಾಗ ಅದು ಕಣ್ಣಿಗೇ ಕಂಡಿತು. ಮೊದಲೆಲ್ಲ ಬಾಗಿಲ ಮರೆಯಿಂದ ಮಾತಾಡುತ್ತಿದ್ದ ಜಂಬಮ್ಮ ಪಡಸಾಲೆಯ ನಡುವೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು; ಹೊಲಕ್ಕೆ ಹೊರಟಿದ್ದ ಉಜ್ಜಿನಪ್ಪ, ಒಂದು ಕಾಲಕ್ಕೆ ಊಟದ ತಾಟು ಒಗೆಯುತ್ತಿದ್ದ ಉಜ್ಜಿನಪ್ಪ, ಹೊಸಲು ದಾಟುವ ಮೊದಲು 'ಹೋಗಿ ಬರ್ಲೇನು?' ಎಂದು ಹೆಂಡತಿಯನ್ನು ಕೇಳಿ ಹೋದ. ಜಂಬಮ್ಮ ತುಂಬಿದ ತಂಬಿಗೆ ತಂದಿಟ್ಟು ಅಕ್ಕನ ಕಾಲು ಮುಟ್ಟಿದಳು. 'ನಿನ್ನ ದಯಾ ಅಕ್ಕ. ನಿನ್ನ ಬಾಯಿಲೆ ಶಿವ ಮಾತಾಡಿದ. ಬಂಜಿ ಅಂದೋರ ಬಾಯಿ ಮುಚ್ಚೇತಿ.' ವಿರೂಪಮ್ಮ ನೀರು ಕುಡಿದಳು. ತಂಬಿಗೆ ಕೆಳಗಿಡುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಸೊಂಟದಿಂದ ಗುಬ್ಬಿಚೀಲ ತೆಗೆದು ಜಂಬಮ್ಮನ ಅಂಗೈಗೆ ಹಾಕಿದಳು.

'ಇದನ್ನ ಹಿಚುಕಿ ನೋಡು.'

'ಹತ್ತಿ.'

'ಇನ್ನೂ ನೋಡು.'

ಬೆಳ್ಳುಳ್ಳಿಯ ಸಿಪ್ಪೆ ಅಂಟಿದ ಬೆರಳುಗಳು ಚೀಲದ ಮೇಲೆ ಹರಿದಾಡಿದವು, ನಿಂತವು. ಜಂಬಮ್ಮನ ಮುಖ ಹಾಗೆಯೇ ಇತ್ತು. ಕುತ್ತಿಗೆಯ ಒಂದು ನರ ಮಾತ್ರ ಎದ್ದಿತು. ವಿರೂಪಮ್ಮ ಮಠದಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು, ನರ್ಸಮ್ಮ ಹೇಳಿದ ಹಾಗೆಯೇ, ಒಂದೂ ಕೂಡಿಸದೆ, ಒಂದೂ ಕಳೆಯದೆ. ಕೇಳಿ ಮುಗಿಸಿ ಜಂಬಮ್ಮ ಚೀಲವನ್ನು ನೆಲದ ಮೇಲೆ ಮೆಲ್ಲಗೆ ಇಟ್ಟಳು.

'ನೀನ ಕೊಟ್ಟಿದ್ದೆಲ್ಲ ಅಕ್ಕ,' ಎಂದಳು. 'ಈಗ ನೀನ ಕಸಗೊಳ್ಳಾಕ ಬಂದೀಯೇನು?'

ಬೈದಿದ್ದರೆ ಸಲೀಸಿತ್ತು. ವಿರೂಪಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. 'ಅತ್ತಿದು ಜಡ್ಡು. ನಿಂದು ಅದಲ್ಲ. ಅವತ್ತು ಮುಟ್ಟಿದಾಗ ನನ್ನ ಬೆರಳಿಗೆ ಗೊತ್ತಿತ್ತು. ನಾಲಿಗಿ ಸುಳ್ಳು ಹೇಳ್ತು. ತಿಳೀದ ಹೇಳಿದ್ದಲ್ಲ ಜಂಬವ್ವ, ತಿಳಿದೂ ಹೇಳಿದ್ದು. ಈ ಮಾತಿಗೆ ನೀ ಏನಂದ್ರೂ ನಾ ಅನಿಸ್ಕೊಳ್ತೀನಿ.'

ಅಂಗಳದಲ್ಲಿ ಒಂದು ಕೋಳಿ ತನ್ನ ಮರಿಗಳನ್ನು ಕರೆದುಕೊಂಡು ಒಳಗೆ ಬಂತು, ಸುಲಿದ ಸಿಪ್ಪೆಯನ್ನು ಕೆದರಿ ಹೊರಗೆ ಹೋಯಿತು. ಅಷ್ಟು ಹೊತ್ತೂ ಜಂಬಮ್ಮ ಕೋಳಿಯನ್ನೇ ನೋಡುತ್ತಿದ್ದಳು.

'ಬೆಳದೈತಿ ಅಕ್ಕ,' ಎಂದಳು ಕಡೆಗೆ.

'ಎಷ್ಟು?'

'ಆವಾಗ ಬೀಜ ಇತ್ತು. ಈಗ ಹುಡುಗ್ರು ಆಡೋ ಗಜ್ಜುಗದಷ್ಟಾಗೇತಿ. ಶಿವನ ಗುರುತು ಬೆಳೀತೈತೇನು ಅಂತ ದಿನಾ ಕೇಳ್ಕೋತಿದ್ದೆ. ಯಾರನ್ನ ಕೇಳ್ಲಿ? ಕಾಲಿಗೆ ಬೀಳೋರನ್ನ ಕೇಳ್ಲೇನು?'

ಏಳು ತಿಂಗಳು ಈ ಹೆಣ್ಣು ಎಷ್ಟು ಒಂಟಿಯಾಗಿ ಪೂಜೆಗೆ ಕೂತಿರಬೇಕು ಎಂಬುದು ವಿರೂಪಮ್ಮನಿಗೆ ಈಗ ತಿಳಿಯಿತು. ನಾಳೆಯೇ ಹೋಗೋಣ, ನಿಮ್ಮ ಓಣಿಯವರಿಗೆಲ್ಲ ನಾನೇ ಹೇಳ್ತೀನಿ, ನಾ ಹೇಳಿದ್ದು ತಪ್ಪು ಅಂತ ಕಟ್ಟೆ ಮೇಲೆ ನಿಂತು ಹೇಳ್ತೀನಿ ಎಂದಳು. ಜಂಬಮ್ಮ ತಲೆಯಾಡಿಸಿದಳು. 'ಬ್ಯಾಡ. ಗುರುತಲ್ಲ ಅಂದ್ರ ಶಾಪ ಅಂತಾರ. ನಡುವ ಏನೂ ಇರಂಗಿಲ್ಲ ಈ ಊರಾಗ. ಓಣ್ಯಾಗಿನೋರೆಲ್ಲ ತೋರಿಸ್ಕೊಳ್ಳಾಕ ಬರ್ಲಿ. ನೀನೂ ತೋರಿಸ್ಕೋ. ಎಲ್ಲಾರ ಸಾಲಿನಾಗ ನಾನೂ ಒಬ್ಬಾಕಿ ಆಗಿ ಬರ್ತೀನಿ. ಒಬ್ಬಾಕಿನ್ನ ಕರ್ಕೊಂಡು ಹೋಗಬ್ಯಾಡ.'

ಬುಧವಾರ ಆಸ್ಪತ್ರೆಯ ಮೆಟ್ಟಿಲ ಬಳಿ ಹೊನ್ನೂರಮ್ಮನನ್ನು ಕಂಡಾಗ ವಿರೂಪಮ್ಮನಿಗೆ ಮೊದಲು ಹೊಳೆದದ್ದು ಆಕೆ ತನಗಿಂತ ಎಷ್ಟು ಚಿಕ್ಕವಳು ಎಂಬುದು. ಚೀಲವನ್ನು ಚಾಚಿದಳು. ಹೊನ್ನೂರಮ್ಮ ನಕ್ಕಳು. 'ಹನ್ನೆರಡಕ್ಕ ಒಂದು ಕಮ್ಮಿ ಬಂದಿತ್ತು ರಿ. ಯಾರೋ ಮತ್ತ ಬರ್ತಾರ ಅಂದ್ಕೊಂಡೆ.' ಆಮೇಲೆ ಸಣ್ಣ ದನಿಯಲ್ಲಿ, 'ಅವತ್ತು ನಾ ಏನಂದೆ ಅಂತ ಇನ್ನೂ ತಿಳಿದಿಲ್ಲ ರಿ ಅಮ್ಮಾರ. ನಾವು ಸಿರುಗುಪ್ಪದ ಕಡಿ ಒಕ್ಕಲ ಮಂದಿ. ನಮ್ಮ ಮನ್ಯಾಗ ಲಿಂಗ ಇಲ್ಲ.'

ಗುರುವಿನ ಮುಂದೆ ಕೂತ ಶಿಷ್ಯೆಯಂತೆ ಅವಳು ಕೇಳಿದಳು. ಅಂಥ ಕೇಳುವಿಕೆಯ ಎದುರು ವಿರೂಪಮ್ಮನಿಗೆ ನಾಚಿಕೆಯಾಯಿತು. ಬಿಡಿಸಿ ಹೇಳಿದಳು: ಲಿಂಗ ಮೈಬಿಟ್ಟು ಹೋಗಬಾರದು ಅಷ್ಟೇ. ಎದೆಯ ಮೇಲೇ ಇರಬೇಕೆಂದಿಲ್ಲ. ಹಿರಿಯರು ಆರು ಜಾಗ ಹೇಳಿದ್ದಾರೆ: ತಲೆ, ಕೊರಳು, ಕಂಕುಳು, ಎದೆ, ಹೊಟ್ಟೆ, ಅಂಗೈ. ದಿನಾ ಪೂಜೆಯಲ್ಲಿ ಎಡ ಅಂಗೈಯಲ್ಲಿ ಇಟ್ಟುಕೊಳ್ಳುವುದಿಲ್ಲವೇ? ಡಾಕ್ಟ್ರಮ್ಮ ನೋಡುವಾಗಲೂ ಅಂಗೈಯಲ್ಲಿ ಇರಲಿ. 'ಕೈ ಮ್ಯಾಲೆತ್ತು ಅಂತಾರ ರಿ ಡಾಕ್ಟ್ರಮ್ಮ. ಕಂಕುಳು ನೋಡಬೇಕಾಗ್ತೈತಿ,' ಎಂದಳು ಹೊನ್ನೂರಮ್ಮ. ವಿರೂಪಮ್ಮ ತುಸು ಯೋಚಿಸಿದಳು. 'ಎತ್ತಿ ತಲಿಮ್ಯಾಲೆ ಇಟ್ಕೊಳ್ತೀವಿ. ಅದೂ ಒಂದು ಜಾಗ.' ಹೊನ್ನೂರಮ್ಮ ಆರೂ ಹೆಸರನ್ನು ಬೆರಳು ಮಡಿಸಿ ಎರಡು ಸಲ ಹೇಳಿಕೊಂಡಳು. ತಾನು ಮೂವತ್ತು ವರ್ಷ ಕೇಳಿದ್ದು ಯಾರದೋ ಕೈಬೆರಳಲ್ಲಿ ಹೀಗೆ ಕೆಲಸಕ್ಕೆ ನಿಂತದ್ದನ್ನು ಕಂಡು, ಸೋಮವಾರ ಇಷ್ಟನ್ನು ಹೇಳದೆ ಎದ್ದು ಹೋದೆನಲ್ಲ ಎಂದು ಬಾಯಿ ಬಿಟ್ಟೇ ಹೇಳಿದಳು. 'ಇವತ್ತು ಬಂದ್ರಲ್ಲ ರಿ,' ಎಂದಳು ಆ ಹುಡುಗಿ, ಅಷ್ಟಕ್ಕೇ ಉಪಕಾರವಾದವಳಂತೆ.

ಮುಂದಿನ ಸೋಮವಾರ ವಿರೂಪಮ್ಮ ಹೊನ್ನೂರಮ್ಮನನ್ನು ಸಿರಿಗೇರಿಗೆ ಕರೆತಂದಳು; ಅಲ್ಲಿಯ ಬಸವಣ್ಣನ ಕಟ್ಟೆಯ ಮೇಲೆ ಹನ್ನೆರಡು ಚೀಲಗಳು ಕೈಯಿಂದ ಕೈಗೆ ಹೋದವು. ಬೀಜ ಹುಡುಕುವುದು ಆಟವಾಯಿತು, ಸಿಕ್ಕವರು ಸಿಗದವರನ್ನು ಕಾಡಿಸಿದರು, ಕೆಂಚಣ್ಣನ ಹೆಂಡತಿ ಕೊಟ್ರಮ್ಮ ಬೀಜ ಇಲ್ಲದ ಚೀಲದಲ್ಲೂ ಬೀಜ ಐತಿ ಎಂದು ಹಟ ಹಿಡಿದು ಹೊಲಿಗೆ ಬಿಚ್ಚಿಸಿ ಸೋತಳು. ಆರು ಜಾಗದ ಮಾತನ್ನು ಹೊನ್ನೂರಮ್ಮನೇ ಹೇಳಿದಳು, ತಪ್ಪಿಲ್ಲದೆ; ಹೆಂಗಸರು ವಿರೂಪಮ್ಮನ ಮುಖ ನೋಡಿದರು, ಆಕೆ ಹೌದೆಂದು ತಲೆಯಾಡಿಸಿದಳು. 'ನಾನೂ ತೋರಿಸ್ಕೊಳ್ತೀನಿ. ನನ್ನ ಹಿಂದ ಬರೋರು ಬರ್ರಿ.' ಹಿಂದಿನ ಸಾಲಿನಿಂದ ಜಂಬಮ್ಮ, 'ನಾ ಬರ್ತೀನಿ' ಎಂದಳು. ಅವಳು ಬರುತ್ತೇನೆಂದ ಮೇಲೆ, ಶಿವನೇ ಎದೆಯ ಮೇಲೆ ಕೂತವಳು ಬರುತ್ತೇನೆಂದ ಮೇಲೆ, ಉಳಿದವರಿಗೆ ಅಂಜಿಕೆ ಏನಿತ್ತು. ಒಂಬತ್ತು ಮಂದಿ ಆದರು. ಸುಳ್ಳು ಕಟ್ಟಿದ ಮನೆಯ ಬಾಗಿಲಿಂದಲೇ ನಿಜ ಹೊರಗೆ ನಡೆದುಬಂತಲ್ಲ ಎಂದು ವಿರೂಪಮ್ಮ ಬೆರಗಾದಳು. ಬೆರಗಿನ ಜೊತೆಗೇ ಹೆದರಿದಳು.

ಬುಧವಾರ ಆಸ್ಪತ್ರೆಯ ಮೊಗಸಾಲೆಯಲ್ಲಿ ಒಂಬತ್ತು ಹೆಂಗಸರು ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಸಾಲಾಗಿ ಕೂತರು. ಮೊದಲು ವಿರೂಪಮ್ಮ. ಪರದೆಯ ಆಚೆ ಕಿಟಕಿಯ ಬೆಳಕು ಇಷ್ಟೊಂದು ಇರಬಹುದೆಂದು ಆಕೆ ಎಣಿಸಿರಲಿಲ್ಲ. ಕಟ್ಟಿಕೊಂಡ ಗಂಡನೂ ಹೀಗೆ ಹಗಲಲ್ಲಿ ಕಾಣದ ಐವತ್ತೆರಡರ ಮೈಯನ್ನು ಬಿಚ್ಚಿ ನಿಂತಾಗ, ಅದು ತನ್ನದಲ್ಲ, ಯಾವುದೋ ಮುದುಕಿಯದು ಎನಿಸಿತು. ಶಿವದಾರ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದಳು. ಮದ್ರಾಸಿನ ಕಡೆಯಿಂದ ಬಂದ ಡಾಕ್ಟ್ರಮ್ಮನ ಬೆರಳುಗಳು ತಣ್ಣಗಿದ್ದವು, ಅವಸರವಿರಲಿಲ್ಲ, ಬೇಳೆ ಹಸನು ಮಾಡುವ ಬೆರಳುಗಳ ಹಾಗೆ ಸಾಲು ಬಿಡದೆ ನಡೆದವು. ಇವು ಸುಳ್ಳು ಹೇಳುವ ಬೆರಳಲ್ಲ ಎಂದುಕೊಂಡಳು. 'ಏನೂ ಇಲ್ಲಮ್ಮ. ಬರುವ ವರ್ಷ ಮತ್ತೆ ಬನ್ನಿ.' ನಿರಾಳವಾಯಿತು. ನಿರಾಳವಾದದ್ದಕ್ಕೆ ಆ ಕೂಡಲೇ ನಾಚಿಕೆಯಾಯಿತು. ತಪ್ಪು ಮಾಡಿದವಳ ಮೈ ಹಸನು. ನಂಬಿದವಳ ಮೈಯಲ್ಲಿ ಗಜ್ಜುಗ.

ಹೆಂಗಸರು ಕೇಳಿದ್ದರಿಂದ ವಿರೂಪಮ್ಮ ಪರದೆಯ ಬಳಿಯೇ ನಿಂತು ಒಬ್ಬೊಬ್ಬರ ಸೀರೆ ಹಿಡಿಯುತ್ತಿದ್ದಳು. ಐದನೆಯವಳು ಜಂಬಮ್ಮ. ಒಳಗೆ ಹೋದವಳ ಮಾತು ಬಟ್ಟೆಯ ಈಚೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. 'ಚೆಯ್ಯಿ ಎತ್ತಮ್ಮ' ಎಂದಳು ಡಾಕ್ಟ್ರಮ್ಮ, ತೆಲುಗಿನಲ್ಲಿ. ಜಂಬಮ್ಮ ಕೈ ಎತ್ತಿ ಲಿಂಗವನ್ನು ನೆತ್ತಿಯ ಮೇಲೆ ಇಟ್ಟುಕೊಂಡಿರಬೇಕು, ಬಳೆ ಜಾರಿದ ಸದ್ದಾಯಿತು.

'ಎಷ್ಟು ದಿನದಿಂದ ಇದೆ?'

'ಸಂಕ್ರಾಂತಿಯಿಂದ ರಿ.'

'ಏಳು ತಿಂಗಳು ಯಾರಿಗೂ ತೋರಿಸಲಿಲ್ಲವೇ? ಇದು ಏನೂ ಅಲ್ಲ ಅಂತ ಯಾರಾದರೂ ಹೇಳಿದರೇ?'

ವಿರೂಪಮ್ಮ ತನ್ನ ಹೆಸರಿಗಾಗಿ ಕಾದಳು. ಬರಲಿ ಎಂದುಕೊಂಡಳು, ಬಂದರೆ ಹಗುರಾಗುತ್ತೇನೆ ಎಂದುಕೊಂಡಳು. ಆದರೂ ಕೈಯಲ್ಲಿದ್ದ ಜಂಬಮ್ಮನ ಸೀರೆಯನ್ನು ಗಟ್ಟಿಯಾಗಿ ಹಿಡಿದಳು.

'ನಮ್ಮಕ್ಕ ಕರ್ಕೊಂಡು ಬಂದ್ಲು ರಿ,' ಎಂದಳು ಜಂಬಮ್ಮ. 'ಆಕಿ ಬರದಿದ್ರ ನಾ ಇವತ್ತೂ ಬರ್ತಿರಲಿಲ್ಲ.'

ಕೇಳಿದ ಎರಡು ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಅದು ಕೇಳದೆ ಇದ್ದ ಮೂರನೆಯದಕ್ಕೆ ಉತ್ತರವಾಗಿತ್ತು. ಪುರಾಣದಲ್ಲಿ ವಿರೂಪಮ್ಮ ಕ್ಷಮೆಯ ಮಾತು ಎಷ್ಟು ಸಲ ಕೇಳಿದ್ದಳು, ಎಷ್ಟು ಜನರಿಗೆ ಹೇಳಿದ್ದಳು. ಅದು ಹೀಗೆ ಪರದೆಯ ಆಚೆಯಿಂದ, ಬಳೆಯ ಸದ್ದಿನ ಜೊತೆ, ಏನೂ ಅಲ್ಲದ ಹಾಗೆ ಬರುತ್ತದೆಂದು ಯಾವ ಶಾಸ್ತ್ರಿಗಳೂ ಹೇಳಿರಲಿಲ್ಲ. ಪರದೆ ಸರಿಸಿ ಒಳಗೆ ಹೋದಳು. ಮೊಗಸಾಲೆಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ, 'ಏನೂ ಅಲ್ಲ ಅಂದಾಕಿ ನಾನ ರಿ. ಶಿವನ ಗುರುತು ಅಂತ ಹೇಳಿದ್ದೆ' ಎಂದಳು.

ಡಾಕ್ಟ್ರಮ್ಮ ತಲೆಯೆತ್ತಿ ಒಮ್ಮೆ ನೋಡಿದಳು. ಬೈಯುತ್ತಾಳೆಂದು ವಿರೂಪಮ್ಮ ನಿಂತಳು. 'ಇವರ ಕೈ ಸೋತಿದೆ,' ಎಂದಳು ಆಕೆ. 'ಮೊಣಕೈ ಹಿಡಿದುಕೊಳ್ಳಿ. ಕಂಕುಳು ಇನ್ನೂ ನೋಡಬೇಕು.'

ವಿರೂಪಮ್ಮ ಎರಡೂ ಕೈ ಒಡ್ಡಿ ಜಂಬಮ್ಮನ ಮೊಣಕೈಯನ್ನು ಹೊತ್ತಳು. ಲಿಂಗ ನೆತ್ತಿಯ ಮೇಲಿತ್ತು, ಅದರ ಮೇಲೆ ಅಂಗೈ ಇತ್ತು, ಅಂಗೈಯ ಭಾರವೆಲ್ಲ ಮೊಣಕೈಗಿಳಿದು ತನ್ನ ಕೈಗೆ ಬಂದು ಕೂತಿತ್ತು. ಒಂದು ಹೆಣ್ಣಿನ ತೋಳು ಇಷ್ಟು ಭಾರವಿರುತ್ತದೆಯೇ. ಡಾಕ್ಟ್ರಮ್ಮನ ಬೆರಳುಗಳು ಕಂಕುಳಿನ ಗುಳಿಯಲ್ಲಿ ಹುಡುಕಿದವು, ನಿಂತವು, ಮತ್ತೆ ಹುಡುಕಿದವು. ಜಂಬಮ್ಮ ಕಣ್ಣು ಮುಚ್ಚಿದ್ದಳು, ತುಟಿಗಳು ಅಲ್ಲಾಡುತ್ತಿದ್ದವು.

'ಇಲ್ಲಿಗೆ ಹಬ್ಬಿಲ್ಲ,' ಎಂದಳು ಡಾಕ್ಟ್ರಮ್ಮ. 'ನಾಳೆ ಬಿಟ್ಟು ನಾಡಿದ್ದು ಕೊಯ್ದು ತೆಗೆಯುತ್ತೇನೆ. ಆಮೇಲೆ ಹೆಚ್ಚಿನ ಚಿಕಿತ್ಸೆಗೆ ಮದ್ರಾಸಿಗೆ ಹೋಗಬೇಕಾದರೂ ಆಗಬಹುದು, ಆಗ ನೋಡೋಣ. ಸುಲಭ ಅಂತ ಹೇಳೋದಿಲ್ಲ. ಆದರೆ ಹೊತ್ತು ಮೀರಿ ಬಂದಿಲ್ಲ ನೀವು.'

ಆಕೆ ಕೈ ತೊಳೆಯಲು ಆಚೆ ಹೋದಳು. ಜಂಬಮ್ಮ ಕಣ್ಣು ತೆರೆದಳು.

'ಬಿಡು ಅಕ್ಕ, ನಿನಗ ಭಾರ ಆಗೇತಿ.'

'ಇರಲಿ,' ಎಂದಳು ವಿರೂಪಮ್ಮ. ಯಾರಿಗೆ ಋಣಿ ತಾನು ಎಂದು ಹುಡುಕಿದರೆ ಮೊದಲು ಯಾರ ಹೆಸರು ಹಿಡಿಯಬೇಕೋ ತಿಳಿಯದೆ, ಆ ತೋಳನ್ನು ಇನ್ನೊಂದು ಗಳಿಗೆ ಹಾಗೆಯೇ ಹಿಡಿದಿದ್ದಳು.

ಪರದೆಯ ಆಚೆ ಕೊಟ್ರಮ್ಮನ ಅಂಜಿದ ದನಿ ಕೇಳಿಸಿತು. 'ಯಕ್ಕಾ, ಮುಂದಿನ ಪಾಳಿ ಯಾರದು?'

ವಿರೂಪಮ್ಮ ಬಾಯಿ ತೆರೆಯುವ ಮೊದಲೇ, ಕುಪ್ಪಸದ ಗಂಟು ಹಾಕಿಕೊಳ್ಳುತ್ತಿದ್ದ ಜಂಬಮ್ಮ ಉತ್ತರ ಕೊಟ್ಟಳು. 'ನಿಂದ, ಬಾ ಒಳಗ. ಹೆದರಬ್ಯಾಡ. ಡಾಕ್ಟ್ರಮ್ಮನ ಕೈ ಒಂದೀಟು ತಣ್ಣಗದಾವ, ಅಷ್ಟ.'